ಸತ್ಯವೇದದೊಳಗಿನ ಮಾತ್ರೆ ಪಟ್ಟಿ

ನನ್ನ ಬಳಿ ಸಲಹೆಗೆ ಬಂದ ಬೆಟಗೇರಿ ಕಡೆಯ ತಂದೆ, ಮಗಳು. ಗುರುತು ಸಿಗದಂತೆ ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದ ಸತ್ಯವೇದ, ಅಂದರೆ ಬೈಬಲ್, ಓದಿಕೊಂಡು ಬಂದ ಮನೆತನ. ತಂದೆ ಸಭೆಯ ಹಿರಿಯರು, ಮಗಳು ಕಾಲೇಜಿನಲ್ಲಿ ಕಲಿಸುತ್ತಾಳೆ. ಆರು ವಾರಗಳಿಂದ ಇಬ್ಬರ ನಡುವೆ ಮಾತಿಲ್ಲ. ಮಗಳು ಭಾನುವಾರದ ಆರಾಧನೆಗೂ ಹೋಗುತ್ತಿರಲಿಲ್ಲ.

ತಂದೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ಸತ್ಯವೇದವನ್ನು ಜೊತೆಗೇ ತಂದಿದ್ದರು. ಅವರ ತಾಯಿ ಹೊಲಿದು ಹೊದಿಸಿದ ಖಣದ ಬಟ್ಟೆ, ಅಂಚಿನಲ್ಲಿ ದಾರ ಎದ್ದಿತ್ತು. ಮಾರ್ಕನ ಸುವಾರ್ತೆಯ ಕೊನೆಯ ಪುಟದಲ್ಲಿ ಗುರುತಿಗೆಂದು ಮಾತ್ರೆಯ ಪಟ್ಟಿ ಇಟ್ಟಿದ್ದರು. ಹತ್ತಕ್ಕೆ ಹತ್ತೂ ಹಾಗೆಯೇ ಇದ್ದವು. ನಂಬುವವರು ಕೈಯಿಟ್ಟರೆ ರೋಗಿಗಳಿಗೆ ಗುಣವಾಗುವುದೆಂಬ ಸಾಲಿನ ಮೇಲೆ ಬೆರಳಿಟ್ಟು, "ಸಹೋದರೀ, ಇದು ದೈವಪ್ರೇರಿತ. ಒಂದು ಗುಡುಸೂ ಅಳಿಯುವುದಿಲ್ಲ" ಎಂದರು. ಮಗಳು ಮೊಬೈಲ್ ಮುಂದೆ ಹಿಡಿದಳು. ಅಡಿಟಿಪ್ಪಣಿ: ಮಾರ್ಕ 16ರ 9ರಿಂದ 20ನೆಯ ವಚನಗಳು ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. "ಅಪ್ಪ ಜೀವ ಒತ್ತೆ ಇಟ್ಟಿರುವ ಮಾತು ಮಾರ್ಕನದೇ ಅಲ್ಲ, ಮೇಡಂ."

ಇಲ್ಲಿ ನಾನೇ ಎಡವಿದೆ. ನಾಲ್ಕನೆಯ ಶತಮಾನದ ಸಿನೈಟಿಕಸ್, ವ್ಯಾಟಿಕಾನಸ್ ಎಂಬ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಹನ್ನೆರಡು ವಚನಗಳಿಲ್ಲ, ಅವಳು ಹೇಳುವುದು ನಿಜ ಎಂದುಬಿಟ್ಟೆ. ತಂದೆ ಪುಸ್ತಕ ಮುಚ್ಚಿ ಎದ್ದರು. ಸರಿಯಾದ ಮಾಹಿತಿಯನ್ನು ತಪ್ಪು ಹೊತ್ತಿನಲ್ಲಿ ಕೊಡುವ ಚಾಳಿ ನನಗೆ ಹಳೆಯದು.

ಮುಂದಿನ ಸಲ ಒಬ್ಬೊಬ್ಬರನ್ನೇ ಕರೆದೆ. ತಂದೆಯೊಡನೆ ಹಸ್ತಪ್ರತಿಗಳ ಮಾತೇ ಎತ್ತಲಿಲ್ಲ. ಶಾಸ್ತ್ರವೆಲ್ಲ ದೈವಪ್ರೇರಿತವೆಂಬ ಮಾತು ಎಲ್ಲಿದೆ ಎಂದು ಕೇಳಿದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆ, 3:16, ಬಾಯಿಪಾಠವಿತ್ತು. "ಹಾಗಾದರೆ ಪುಟ ತಿರುಗಿಸಿ 4:20 ಓದಿರಿ." ಜೊತೆಗಾರ ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದೆ ಎಂದು, ರೋಗಿಗಳನ್ನು ಗುಣಪಡಿಸಿದ ಅಪೊಸ್ತಲ ಪೌಲನೇ ಬರೆದಿದ್ದಾನೆ. ಅವರು ಎರಡು ಸಲ ಓದಿದರು. "ಪೌಲನೇ ಬಿಟ್ಟು ಬಂದನೇ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಕೊಲೊಸ್ಸೆ 4:14ರಲ್ಲಿ ಲೂಕನನ್ನು ಪ್ರಿಯ ವೈದ್ಯನೆಂದು ಕರೆದಿರುವುದನ್ನೂ ತೋರಿಸಿದೆ. "ಈ ಸಾಲುಗಳೂ ದೈವಪ್ರೇರಿತವೇ ಅಲ್ಲವೇ? ಮಾತ್ರೆ ಬಿಡು ಎಂದು ವಚನ ಹೇಳಿಲ್ಲ, ನೀವು ಹೇಳಿಕೊಂಡಿದ್ದೀರಿ. ವಚನಕ್ಕಿರುವ ಅಧಿಕಾರ ನಿಮ್ಮ ತೀರ್ಮಾನಕ್ಕೆ ಎಲ್ಲಿಂದ ಬರಬೇಕು?" ಅವರು ಉತ್ತರಿಸಲಿಲ್ಲ. ಪುಸ್ತಕವನ್ನು ಮುಚ್ಚಲೂ ಇಲ್ಲ.

ಮಗಳಿಗೆ ಹೇಳಿದ್ದು ಬೇರೆ. ಆ ಟಿಪ್ಪಣಿ ಹಾಕಿದವರು ನಾಸ್ತಿಕರಾಗಿರಬೇಕಿಲ್ಲ. ಸತ್ಯವೇದದಲ್ಲಿ ತಪ್ಪೇ ಇಲ್ಲವೆಂದು ಸಾರುವ 1978ರ ಷಿಕಾಗೋ ಹೇಳಿಕೆಯೂ ದೈವಪ್ರೇರಣೆಯ ಮಾತನ್ನು ಮೂಲ ಬರಹಕ್ಕೆ ಅನ್ವಯಿಸುತ್ತದೆ, ನಕಲುಗಳು ಮೂಲಕ್ಕೆ ನಿಷ್ಠವಾಗಿರುವಷ್ಟರ ಮಟ್ಟಿಗೆ ದೇವರ ವಾಕ್ಯವೆನ್ನುತ್ತದೆ. ಲೂಕನೂ ವಿಚಾರಿಸಿ ಬರೆದೆನೆಂದೇ ಸುವಾರ್ತೆ ಶುರುಮಾಡುತ್ತಾನೆ. ವಿಚಾರಿಸಿದ್ದಕ್ಕೆ ನಂಬಿಕೆ ಬಿಡಬೇಕಿಲ್ಲ, ಬಿಡುವುದಾದರೆ ಅದು ನಿನ್ನ ನಿರ್ಧಾರ, ಟಿಪ್ಪಣಿಯ ಮೇಲೆ ಹಾಕಬೇಡ ಎಂದೆ. ಅವಳು ಆ ಮಾತಿಗೆ ಹೋಗಲೇ ಇಲ್ಲ. "ಅಪ್ಪನ ಹಿಮ್ಮಡಿಯಲ್ಲಿ ಹುಣ್ಣಾಗಿದೆ. ಕಾಲುಚೀಲ ಹಾಕಿ ಮುಚ್ಚಿಡುತ್ತಾರೆ."

"ಅದನ್ನು ಅವರ ಮುಂದೆ ಹೇಳಿದೆಯಾ, ತಂಗೀ?"

"ಇಲ್ಲ. ಟಿಪ್ಪಣಿ ತೋರಿಸಿದೆ."

ಸಲಹೆ ಇಷ್ಟೇ: ಬೇರೆಲ್ಲ ಚರ್ಚೆ ಬಿಟ್ಟು ಅಂದೇ ವೈದ್ಯರಿಗೆ ಕಾಲು ತೋರಿಸುವುದು, ನಿಲ್ಲಿಸಿದ ಮಾತ್ರೆಯನ್ನು ತಾವಾಗಿಯೇ ಶುರು ಮಾಡದೆ ಪ್ರಮಾಣವನ್ನು ವೈದ್ಯರಿಂದಲೇ ಕೇಳಿಕೊಳ್ಳುವುದು, ಪ್ರಾರ್ಥನೆಯನ್ನು ಬಿಡದೆ ಮಾತ್ರೆಯ ಹೊತ್ತಿಗೇ ಇಟ್ಟುಕೊಳ್ಳುವುದು. ರಾತ್ರಿ ತಿಮೊಥೆಯನಿಗೆ ಬರೆದ ಆ ಎರಡನೆಯ ಪತ್ರಿಕೆಯ ನಾಲ್ಕು ಅಧ್ಯಾಯಗಳನ್ನು ಮಗಳು ಗಟ್ಟಿಯಾಗಿ ಓದಬೇಕು, ತಂದೆ ಕೇಳಬೇಕು, ವಾದಕ್ಕಿಳಿಯಬಾರದು.

ತಿಂಗಳ ನಂತರ ತಂದೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಪೌಲನು ತಿಮೊಥೆಯನಿಗೆ ಹೇಳಿದ್ದನ್ನು ತಾವೇ ಹುಡುಕಿದ್ದರು. "ಅದೂ ಔಷಧವೇ ಅಲ್ಲವೇ, ಸಹೋದರೀ?" ಸಕ್ಕರೆ ಇರುವವರು ಆ ವಚನವನ್ನು ವೈದ್ಯರ ಮುಂದೆ ಎತ್ತದಿರುವುದೇ ಒಳ್ಳೆಯದು ಎಂದೆ.

ಮಗಳು ಆರಾಧನೆಗೆ ಇನ್ನೂ ಹೋಗುತ್ತಿಲ್ಲ. ಮುಂದಿನ ಭೇಟಿಗೆ ಒಬ್ಬಳೇ ಬರುತ್ತೇನೆ ಎಂದಿದ್ದಾಳೆ.