ನಿಮ್ಮ ಲೇಖನ ಮೂರನೆಯ ಪುಟದಲ್ಲಿ ಶುರುವಾಗುತ್ತದೆ

ಆತ್ಮೀಯರೇ, ನಮಸ್ಕಾರ.

ಕೆಲಸಗಳು ಹೊರದೇಶಗಳಿಗೆ ಹೋದದ್ದರಿಂದ ಅಮೆರಿಕದ ದುಡಿಯುವ ಜನರಿಗೆ ಏನಾಯಿತು ಎಂಬುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ಸುಮ್ಮನೆ ಹಿಂದಿರುಗಿಸಲೂ ಮನಸ್ಸು ಬರಲಿಲ್ಲ.

ಮೊದಲು ಲೆಕ್ಕದ ಮಾತು. 2000ದಲ್ಲಿ ಸುಮಾರು 1.73 ಕೋಟಿ ಇದ್ದ ಅಮೆರಿಕದ ಕಾರ್ಖಾನೆ ಉದ್ಯೋಗಗಳು 2010ರ ಹೊತ್ತಿಗೆ 1.15 ಕೋಟಿಗೆ ಇಳಿದವು ಎಂದು ನೀವು ಬರೆದದ್ದು ಸರಿ. ಆದರೆ ಆ ಇಳಿತವನ್ನೆಲ್ಲ 'ಹೊರಗೆ ಕಳಿಸಿದ ಕೆಲಸ'ದ ಖಾತೆಗೆ ಹಾಕಿದ್ದೀರಿ. ಯಂತ್ರಗಳ ಪಾಲು, 2008ರ ಆರ್ಥಿಕ ಕುಸಿತದ ಪಾಲು ಎಲ್ಲಿ ಹೋದವು? ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 1999ರಿಂದ 2011ರವರೆಗೆ ಚೀನಾದ ಆಮದಿನ ಪೈಪೋಟಿಯಿಂದ ನಷ್ಟವಾದ ಉದ್ಯೋಗಗಳನ್ನು, ಎಲ್ಲ ವಲಯಗಳನ್ನೂ ಸೇರಿಸಿ, 20ರಿಂದ 24 ಲಕ್ಷ ಎಂದು ಅಂದಾಜಿಸಿದ್ದಾರೆ. ಆಮದಿನ ಎದುರು ಸೋತು ಬಾಗಿಲು ಹಾಕುವುದು ಬೇರೆ, ಕಂಪನಿಯೇ ಕೆಲಸವನ್ನು ಗಡಿಯಾಚೆಗೆ ಒಯ್ಯುವುದು ಬೇರೆ. ನಿಮ್ಮ ಲೇಖನದಲ್ಲಿ ಎರಡೂ ಕಲಸಿಹೋಗಿವೆ.

'ಕಾರ್ಮಿಕರ ಬದುಕು ಕತ್ತಲಲ್ಲಿ ಮುಳುಗಿತು' ಎಂಬ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಅಂಥ ಮಾತಿಗಿಂತ ಒಂದೇ ಊರಿನ ವಿವರ ಹೆಚ್ಚು ಹೇಳುತ್ತದೆ. ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗಿನಲ್ಲಿದ್ದ ಫ್ರಿಜ್ ಕಾರ್ಖಾನೆಯನ್ನು ಮೇಟ್ಯಾಗ್ ಕಂಪನಿ 2004ರಲ್ಲಿ ಮುಚ್ಚಿ, ಕೆಲಸವನ್ನು ಮೆಕ್ಸಿಕೊದ ರೇನೋಸಾಕ್ಕೆ ಒಯ್ದಾಗ ಸುಮಾರು 1,600 ಕೆಲಸಗಳು ಹೋದವು; ಮೂವತ್ತು ಚಿಲ್ಲರೆ ಸಾವಿರ ಜನರ ಊರದು. ಅಮೆರಿಕದಲ್ಲಿ ಆರೋಗ್ಯ ವಿಮೆ ಹೆಚ್ಚಾಗಿ ಕೆಲಸದ ಜೊತೆಗೇ ಬರುವುದರಿಂದ, ಐವತ್ತು ದಾಟಿದವನೊಬ್ಬ ಸಂಬಳದ ಜೊತೆಗೆ ಮನೆಮಂದಿಯ ಔಷಧೋಪಚಾರದ ಆಸರೆಯನ್ನೂ ಕಳೆದುಕೊಳ್ಳುತ್ತಾನೆ. ಬೇರೆ ಊರಿಗೆ ಹೋಗೋಣವೆಂದರೆ, ಅರ್ಧ ಬೀದಿ ಮಾರಾಟಕ್ಕಿರುವ ಊರಿನಲ್ಲಿ ಅವನ ಮನೆಯನ್ನು ಕೊಳ್ಳುವವರು ಯಾರು? ಪೆಟ್ಟು ಬಿದ್ದ ಊರಿನ ಜನ ಕೆಲಸವಿರುವ ಕಡೆಗೆ ತಾವಾಗಿಯೇ ಹೋಗುತ್ತಾರೆ ಎಂಬ ಹಳೆಯ ನಂಬಿಕೆ ಅಷ್ಟೇನೂ ನಿಜವಾಗಲಿಲ್ಲ ಎಂಬುದೇ ಆಟರ್ ಅವರ ಅಧ್ಯಯನಗಳ ಮುಖ್ಯ ಮಾತು. ನಿಮ್ಮಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಈಗ ಮೂರನೆಯ ಪುಟ. 2004ರಲ್ಲಿ ಬೆಂಗಳೂರಿನ ಕಚೇರಿಯೊಂದರಲ್ಲಿ ವಿಮಾ ಕ್ಲೇಮುಗಳ ಕೆಲಸಕ್ಕೆ ಸೇರಿದ ನಿಮಗೆ, ಆರು ವಾರ ರಾತ್ರಿ ಪಾಳಿಯಲ್ಲಿ ಫೋನಿನ ಆ ತುದಿಯಿಂದ ಪ್ರತಿಯೊಂದನ್ನೂ ಬಿಡಿಸಿ ಹೇಳಿಕೊಟ್ಟ ಅಮೆರಿಕದ ಹೆಂಗಸು ಕೊನೆಯ ದಿನ 'ಸೋಮವಾರದಿಂದ ನಾನಿರುವುದಿಲ್ಲ' ಎಂದದ್ದನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ, ಮತ್ತೆ ಜಾಗತೀಕರಣದ ವ್ಯಾಖ್ಯೆಗೆ ಓಡಿದ್ದೀರಿ. ಹೀಗೆ ಕೆಲಸ ಕಲಿಸಿಕೊಡುವುದನ್ನು ಕಚೇರಿಯಲ್ಲಿ 'ಕೆಟಿ' (ನಾಲೆಜ್ ಟ್ರಾನ್ಸ್‌ಫರ್, ಅಂದರೆ ತಿಳಿವಳಿಕೆಯ ಹಸ್ತಾಂತರ) ಎನ್ನುತ್ತಿದ್ದರೆಂದು ಬರೆದಿದ್ದೀರಿ. ಆ ಎರಡಕ್ಷರವನ್ನು ದಯವಿಟ್ಟು ಉಳಿಸಿಕೊಳ್ಳಿ. ಕೆಲಸ ಕಳೆದುಕೊಳ್ಳುವವರೇ ಅದನ್ನು ಪಡೆಯುವವರಿಗೆ ಕಲಿಸಿಕೊಟ್ಟು ಹೋದ ಸಂಗತಿಯನ್ನು ಈ ತುದಿಯಿಂದ ಬರೆಯಬಲ್ಲವರು ನೀವು. ಗೇಲ್ಸ್‌ಬರ್ಗಿನ ಬಗ್ಗೆ ಅಲ್ಲಿಯವರೇ ಬರೆದಿದ್ದಾರೆ.

ಆಕೆಯ ಸ್ಥಿತಿಯನ್ನು ಅರಿಯಲು ಒಂದು ಕಾನೂನನ್ನು ಓದಿ. ವಿದೇಶಿ ವ್ಯಾಪಾರದಿಂದ ಕೆಲಸ ಹೋದವರಿಗೆ ಮರುತರಬೇತಿಯನ್ನೂ ಭತ್ಯೆಯನ್ನೂ ಕೊಡುವ ಯೋಜನೆ ಅಮೆರಿಕದಲ್ಲಿ 1962ರಿಂದ ಇತ್ತು. ಆದರೆ ಅದು ವಸ್ತುಗಳನ್ನು ತಯಾರಿಸುವವರನ್ನು ಕುರಿತದ್ದು, ಸೇವಾ ವಲಯದವರನ್ನು ಅದರೊಳಗೆ ಸೇರಿಸಿಕೊಂಡದ್ದು 2009ರಲ್ಲಿ. ಫ್ರಿಜ್ ಜೋಡಿಸುವವರಿಗೆ ಇದ್ದ ಆ ದಾರಿ ಕ್ಲೇಮು ಪರಿಶೀಲಿಸುತ್ತಿದ್ದ ಆಕೆಗೆ ಬಹುಶಃ ಮುಚ್ಚಿತ್ತು. ಕೆಲಸ ಹೊರದೇಶದ ಪಾಲಾದವರನ್ನು 'ಬ್ಯಾಂಗಲೋರ್ಡ್' ಎನ್ನುವ ಅಮೆರಿಕದ ಮಾತನ್ನು ನೀವು ಮೊದಲ ಸಾಲಿನಲ್ಲಿ ತುಸು ಹೆಮ್ಮೆಯ ತಮಾಷೆಯಾಗಿ ಬಳಸಿದ್ದೀರಿ. ಆಕೆಯನ್ನು ನೆನೆದು ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಆಗ ನಿಮ್ಮ ಸಂಬಳವೆಷ್ಟಿತ್ತು, ಮನೆಯಲ್ಲಿ ಅದರಿಂದ ಏನು ನಡೆಯಿತು ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಪಶ್ಚಾತ್ತಾಪದ ಪ್ರದರ್ಶನ ಬೇಡ. ಸಾವಿರದ ಇನ್ನೂರು ಪದ ಸಾಕು. ಆಕೆಯ ಹೆಸರನ್ನೂ ಊರನ್ನೂ ಬದಲಿಸಿ ಕಳಿಸಿ.

ಇತಿ,
ಸಂಪಾದಕ