ರಿಫಂಡ್ ಆಗಿದೆ ಅಂತಾರೆ, ದುಡ್ಡು ಮಾತ್ರ ಬಂದಿಲ್ಲ

ಪ್ರಶ್ನೆ: ಆನ್‌ಲೈನಲ್ಲಿ ತರಿಸಿದ ಹೆಡ್‌ಫೋನ್ ಸರಿ ಇರ್ಲಿಲ್ಲ ಅಂತ ವಾಪಸ್ ಕಳಿಸ್ದೆ. ಮಾರಿದವರು ರಿಫಂಡ್ ಮಾಡಾಯ್ತು ಬ್ಯಾಂಕಲ್ಲಿ ಕೇಳಿ ಅಂತಾರೆ, ಕ್ರೆಡಿಟ್ ಕಾರ್ಡಿನವರು ನಮಗೇನೂ ಬಂದಿಲ್ಲ ಅವರನ್ನೇ ಕೇಳಿ ಅಂತಾರೆ. ಈಗ ಬಿಲ್ಲಲ್ಲಿ ಆ ದುಡ್ಡೂ ಸೇರ್ಕೊಂಡಿದೆ. ಇದು ಬಗೆಹರಿಯೋವರೆಗೂ ಬಿಲ್ಲೇ ಕಟ್ಟದಿದ್ರೆ ಹೇಗೆ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದ್ರೆ ದಯವಿಟ್ಟು ಬಿಲ್ ನಿಲ್ಲಿಸ್ಬೇಡಿ. ತಕರಾರು ಇರೋದು ಒಂದೇ ಐಟಂ ಮೇಲೆ, ನೀವು ಪೂರ್ತಿ ನಿಲ್ಲಿಸಿದ್ರೆ ಲೇಟ್ ಫೀ, ಬಡ್ಡಿ ಎಲ್ಲಾ ಬಿಲ್ ಮೇಲೆ ಬೀಳುತ್ತೆ, ಕ್ರೆಡಿಟ್ ಸ್ಕೋರೂ ಕೆಡುತ್ತೆ. ಉಳಿದಿದ್ದನ್ನ ಪೂರ್ತಿ ಕಟ್ಟಿ, ತಕರಾರಿನ ಮೊತ್ತ ತನಿಖೆ ಮುಗಿಯೋವರೆಗೂ ತಡೆಹಿಡಿಬಹುದಾ ಅಂತ ಬ್ಯಾಂಕಿಂದ ಬರಹದಲ್ಲೇ ಉತ್ತರ ತಗೊಳ್ಳಿ. ಕೊನೇ ದಿನದೊಳಗೆ ಉತ್ತರ ಬರ್ಲಿಲ್ವಾ, ಅದನ್ನೂ ಕಟ್ಟಿಬಿಡಿ, ಕಟ್ಟಿದ ಮಾತ್ರಕ್ಕೆ ತಕರಾರಿನ ಹಕ್ಕು ಹೋಗಲ್ಲ. ಮಿನಿಮಮ್ ಡ್ಯೂ, ಅಂದ್ರೆ ಕನಿಷ್ಠ ಇಷ್ಟಾದ್ರೂ ಕಟ್ಟಿ ಅಂತ ಬಿಲ್ಲಲ್ಲಿ ತೋರಿಸೋ ಮೊತ್ತ, ಅಷ್ಟೇ ಕಟ್ಟಿದ್ರೆ ಬಡ್ಡಿ ನಿಲ್ಲಲ್ಲ, ಅದು ನೆನಪಿರಲಿ.

ಮೊದಲು ಮಾರಿದವರ ಹತ್ರ ರಿಫಂಡಿನ ಎಆರ್‌ಎನ್ ನಂಬರ್ ಕೇಳಿ. ಅದು 23 ಅಂಕಿದು, ಅವರ ಬ್ಯಾಂಕಿಂದ ನಿಮ್ಮ ಕಾರ್ಡಿಗೆ ದುಡ್ಡು ಹೊರಟಾಗ ಹುಟ್ಟೋ ಗುರುತು, ಅದನ್ನ ಕೊಟ್ರೆ ನಿಮ್ಮ ಬ್ಯಾಂಕಿನವರಿಗೆ ದುಡ್ಡು ಎಲ್ಲಿದೆ ಅಂತ ಹುಡುಕೋಕಾಗುತ್ತೆ. ಮಾರಿದವರು ಆ ನಂಬರ್ ಕೊಡೋಕೆ ಸತಾಯಿಸ್ತಿದ್ರೆ ಬಹುಶಃ ರಿಫಂಡ್ ಹೊರಟೇ ಇಲ್ಲ.

ಆಗ ನಿಮ್ಮ ಬ್ಯಾಂಕಲ್ಲಿ ಡಿಸ್ಪ್ಯೂಟ್, ಅಂದ್ರೆ ಆ ಮೊತ್ತದ ಮೇಲೆ ತಕರಾರು, ಹಾಕಿ. ಬರೀ ಫೋನಲ್ಲಿ ಹೇಳಿದ್ದು ಸಾಲಲ್ಲ, ಆ್ಯಪ್ ಅಥವಾ ಈಮೇಲಲ್ಲಿ ಹಾಕಿ ಕಂಪ್ಲೇಂಟ್ ನಂಬರ್ ಇಟ್ಕೊಳ್ಳಿ. ತುಂಬಾ ಜನ ಎಡವೋದು ಇಲ್ಲೇ, ಬೇಗ ಕೆಲಸ ಆಗ್ಲಿ ಅಂತ 'ಈ ವ್ಯವಹಾರ ನಾನು ಮಾಡಿಲ್ಲ' ಅಂತ ಟಿಕ್ ಮಾಡ್ತಾರೆ, ಆಮೇಲೆ ಬ್ಯಾಂಕಿನವರು ಕಾರ್ಡ್ ಬ್ಲಾಕ್ ಮಾಡ್ತಾರೆ, ನೀವೇ ಒಟಿಪಿ ಹಾಕಿದ್ದು ಅಂತ ದಾಖಲೆ ತೋರಿಸಿ ಕೇಸ್ ಮುಚ್ತಾರೆ, ಸತ್ಯವಾಗಿದ್ದ ತಕರಾರೂ ಸುಳ್ಳಾಗಿ ಕಾಣುತ್ತೆ. ನಿಮ್ಮದು ವಂಚನೆ ಕೇಸಲ್ಲ, ರಿಫಂಡ್ ಒಪ್ಕೊಂಡು ಕೊಡದೇ ಇರೋ ಕೇಸು, ಹಾಗೇ ಬರೀರಿ. ಕೊರಿಯರ್ ತಲುಪಿದ ದಾಖಲೆ, ರಿಫಂಡ್ ಮಾಡಿದೀವಿ ಅಂದ ಮೆಸೇಜು ಎರಡೂ ಜೊತೆಗಿರಲಿ. ಅದರಲ್ಲೂ ಆ ಮೆಸೇಜು ಮುಖ್ಯ, ಯಾಕಂದ್ರೆ ಕೊಡಬೇಕಿದೆ ಅಂತ ಅವರೇ ಒಪ್ಕೊಂಡಂಗಾಯ್ತು.

ತಡ ಮಾಡ್ಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಇಂಥ ಡಿಸ್ಪ್ಯೂಟ್ ಹಾಕೋಕೆ ಸಾಮಾನ್ಯವಾಗಿ 120 ದಿನ ಇರುತ್ತೆ, ಆದ್ರೆ ಬ್ಯಾಂಕಿನವರು ತಮ್ಮ ಗ್ರಾಹಕರಿಗೆ ಅದಕ್ಕಿಂತ ಕಮ್ಮಿ ಗಡುವು ಇಟ್ಟಿರಬಹುದು.

ತನಿಖೆ ನಡೀವಾಗ ಕೆಲವು ಬ್ಯಾಂಕಿನವರು ತಾತ್ಕಾಲಿಕವಾಗಿ ದುಡ್ಡು ಹಾಕ್ತಾರೆ, ಅದನ್ನ ನೋಡಿ ಮುಗೀತು ಅಂದ್ಕೋಬೇಡಿ, ಮಾರಿದವರು ಎದುರು ದಾಖಲೆ ಕೊಟ್ರೆ ಬ್ಯಾಂಕಿನವರು ಅದನ್ನ ವಾಪಸ್ ತಗೋಬಹುದು. ನಿಮ್ಮ ವಿರುದ್ಧ ತೀರ್ಮಾನ ಆದ್ರೆ ಕಾರಣ ಮತ್ತೆ ಮಾರಿದವರು ಕೊಟ್ಟ ದಾಖಲೆ ಎರಡನ್ನೂ ಕೇಳಿ ಪಡ್ಕೊಳ್ಳಿ, ಅದನ್ನಿಟ್ಕೊಂಡು ಬ್ಯಾಂಕಿನ ಮೇಲಧಿಕಾರಿಗೆ, ಅಲ್ಲೂ ಆಗ್ಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಓಂಬುಡ್ಸ್‌ಮನ್ ಅಥವಾ ಗ್ರಾಹಕರ ದೂರು ಕೇಳೋ ಸಂಸ್ಥೆಗೆ ಹೋಗಿ. ಈ ಮಧ್ಯೆ ಮಾರಿದವರೇ ದುಡ್ಡು ಹಾಕಿಬಿಟ್ರೆ ಅವತ್ತೇ ಬ್ಯಾಂಕಿಗೆ ತಿಳಿಸಿ ಡಿಸ್ಪ್ಯೂಟ್ ವಾಪಸ್ ತಗೊಳ್ಳಿ.