‘ಡೇರಿ’ ಅಂದ ಹುಡುಗ

ಪ್ರತಿ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ವಿಶೇಷ ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮ ಸಲಹೆ ಕೇಳೋಕೆ ನನ್ನ ಹತ್ತಿರ ಬರುತ್ತಾರೆ. "ಮಗನಿಗೆ 18 ಆಗ್ತಾ ಬಂತು, ಶಾಲೆಯವರು ಇನ್ನು ಇಟ್ಟುಕೊಳ್ಳೋಕೆ ಆಗಲ್ಲ ಅಂತಿದಾರೆ, ಎಲ್ಲಿಗೆ ಕಳಿಸೋದು ಮೇಡಂ?" 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಆಮೇಲೊಂದು ಸೋಮವಾರ ಬೆಳಿಗ್ಗೆ ಮಗ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಏನು ಹೇಳೋದು? ಈ ಪ್ರಶ್ನೆಯನ್ನು ಮಗುವಿಗೆ 14 ಇದ್ದಾಗಲೇ ಕೇಳಬೇಕಿತ್ತು. ಎಲ್ಲರೂ 17ಕ್ಕೆ ಬಂದು ಕೇಳುತ್ತಾರೆ.

ಈ ಹುಡುಗನಿಗೂ 17. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹಳ್ಳಿ ಮನೆ, ಎರಡು ಹಸು, ಅಪ್ಪನಿಗೆ ಟೌನಿನಲ್ಲಿ ಕೆಲಸ. ಬೌದ್ಧಿಕ ಅಂಗವೈಕಲ್ಯ ಇದೆ, ಮಾತು ಕಡಿಮೆ. ವಿಶೇಷ ಶಾಲೆಯಲ್ಲಿ ಎಂಟು ವರ್ಷ ಕಳೆದಿದ್ದಾನೆ. ಮಣಿ ಪೋಣಿಸುವುದು, ಪೇಪರ್ ಕವರ್ ಅಂಟಿಸುವುದು, 1ರಿಂದ 20 ಬರೆಯುವುದು. 12ರ ಮೇಲೆ ಬರೆಯೋಕೆ ಇನ್ನೂ ಬಂದಿಲ್ಲ. ಆದರೂ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯಲ್ಲಿ ಕಟ್ಟಿಸಿ ಹೇಗಾದರೂ ಹತ್ತನೇ ಕ್ಲಾಸ್ ಒಂದು ಪಾಸ್ ಮಾಡಿಸಬೇಕು ಅಂತ ಅಪ್ಪನ ಆಸೆ.

ಎರಡನೇ ಭೇಟಿಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಅವನ ಬಗ್ಗೆ ಮಾತಾಡಿದೆವು, ಅವನು ಅಲ್ಲೇ ಕೂತಿದ್ದ. ಕೊನೆಗೆ ಅವನ ಕಡೆ ತಿರುಗಿ, "ನಿಂಗೆ ಏನು ಮಾಡೋಕೆ ಇಷ್ಟ ಪುಟ್ಟಾ?" ಅಂದೆ. "ಟಿವಿ ಇಷ್ಟ ಮೇಡಂ" ಅಂದರು ಅಪ್ಪ. ಮತ್ತೆ ಕೇಳಿದೆ. "ಡ್ರಾಯಿಂಗ್ ಅಂತ ಹೇಳು" ಅಂದರು ಅಮ್ಮ. ಇಬ್ಬರನ್ನೂ ಸ್ವಲ್ಪ ಹೊತ್ತು ಸುಮ್ನೆ ಇರಿ ಅಂತ ಕೇಳಿಕೊಂಡು ಕಾದೆ. ಎರಡು ನಿಮಿಷದ ಹತ್ತಿರ ಆಯಿತು. ಅಷ್ಟು ಹೊತ್ತು ಯಾರೂ ಮಾತಾಡದೆ ಕೂರುವುದು ದೊಡ್ಡವರಿಗೆ ತುಂಬಾ ಕಷ್ಟ, ನನಗೂ ಕಷ್ಟವೇ.

"ಡೇರಿ" ಅಂದ. ಆಮೇಲೆ, "ತಾತ ಹಾಲು. ಮುಚ್ಚಳ ನಾನು."

ಅಪ್ಪನಿಗೆ ಮುಜುಗರವಾಯಿತು. ಅಮ್ಮ ಮಾತ್ರ ನಿಧಾನವಾಗಿ ಹೇಳಿದರು: "ದಿನಾ ಬೆಳಿಗ್ಗೆ ನಮ್ಮ ಮಾವನ ಜೊತೆ ಹಾಲು ಹಾಕೋಕೆ ಹೋಗ್ತಾನೆ ಮೇಡಂ. ಯಾರ ಮನೆ ಕ್ಯಾನ್ ಯಾವುದು ಅಂತ ಎಲ್ಲಾ ಗೊತ್ತು ಅವನಿಗೆ. ನಾವು ಹೇಳಿಕೊಟ್ಟಿದ್ದಲ್ಲ." ಎಷ್ಟು ಮನೆ ಅಂತ ಕೇಳಿದೆ. ಮೂವತ್ತಾದರೂ ಇರಬಹುದು ಅಂದರು.

ಕಾಗದದ ಮೇಲೆ 12 ದಾಟದ ಹುಡುಗನಿಗೆ ಮೂವತ್ತು ಮನೆಯ ಕ್ಯಾನ್ ಗುರುತು ಇದೆ! ಎಂಟು ವರ್ಷದಲ್ಲಿ ಶಾಲೆಗೆ ಇದು ಗೊತ್ತಾಗಿರಲಿಲ್ಲ. ಮೊದಲ ಭೇಟಿಯಲ್ಲಿ ನಾನೂ ಅವನನ್ನು ಏನೂ ಕೇಳಿರಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಶಾಲೆ ಬಿಡುವವರೆಗೆ ಕಾಯಬೇಡಿ, ಉಳಿದ ವರ್ಷದಲ್ಲಿ ವಾರಕ್ಕೆ ಎರಡು ದಿನ ಡೇರಿಯಲ್ಲೇ ಕಲಿಯಲಿ, ಅವನ ಟೀಚರ್ ಒಂದು ಸಲ ಅಲ್ಲಿಗೆ ಹೋಗಿ ನೋಡಿಕೊಂಡು ಬರಲಿ. ಕೆಲಸವನ್ನು ಸಣ್ಣ ಸಣ್ಣ ಹಂತ ಮಾಡಿ: ಕ್ಯಾನ್ ತೊಳೆಯುವುದು, ಬೋರಲು ಹಾಕುವುದು, ಮುಚ್ಚಳ ಜೋಡಿಸುವುದು. ಓದೋಕೆ ಬರದಿದ್ದರೆ ಅಲ್ಲಿನದೇ ಫೋಟೊ ತೆಗೆದು ಗೋಡೆಗೆ ಅಂಟಿಸಿ. ಫ್ಯಾಟ್ ಪರೀಕ್ಷೆಗೆ ಆಸಿಡ್ ಬಳಸುವ ಕಡೆ ಆ ಮೇಜಿನ ಹತ್ತಿರ ಅವನು ಹೋಗಕೂಡದು, ಇದರಲ್ಲಿ ರಾಜಿ ಇಲ್ಲ. ಮುಂದೆ ಅವರು ಕೆಲಸಕ್ಕೆ ಇಟ್ಟುಕೊಂಡರೆ ಸಂಬಳ ಎಷ್ಟೇ ಇರಲಿ, ಅವನ ಕೈಗೇ ಬರಬೇಕು. ಬಿಟ್ಟಿ ದುಡಿಸಿಕೊಂಡು "ಪಾಪ, ಟೈಂಪಾಸ್ ಆಗಲಿ ಅಂತ" ಅನ್ನುವವರು ಎಲ್ಲಾ ಊರಲ್ಲೂ ಇದ್ದಾರೆ.

ಹುಡುಗನ ಸೋದರಮಾವ ಫೋನ್ ಮಾಡಿ ಬೈದರು. "ಓದಿಸಿ ಅಂತ ಹೇಳಬೇಕಾದ ನೀವೇ ಕ್ಯಾನ್ ತೊಳೆಯೋಕೆ ಕಳಿಸ್ತೀರಾ?" ನಾನು ಓದಿಗೆ ವಿರೋಧಿ ಅಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳೂ ಇವೆ, ಇಷ್ಟಪಟ್ಟು ಓದುವ ಮಕ್ಕಳಿಗೆ ನಾನೇ ಅರ್ಜಿ ತುಂಬಿಸಿದ್ದೇನೆ. ಆದರೆ ಈ ಹುಡುಗನಿಗೆ ಆ ಪರೀಕ್ಷೆ ಬೇಕಿರಲಿಲ್ಲ, ಬೇಕಿದ್ದದ್ದು ಮನೆಯವರಿಗೆ. ಮಣಿ ಪೋಣಿಸುವುದು ಕಲಿತ ಮಗು ಅದನ್ನೇ ಡೇರಿಗೆ ಹೊಂದಿಸಿಕೊಳ್ಳುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಈ ಮಕ್ಕಳಲ್ಲಿ ಅನೇಕರಿಗೆ ತುಂಬಾ ಕಷ್ಟ. ಅದಕ್ಕೇ ಕೆಲಸ ಎಲ್ಲಿದೆಯೋ ಅಲ್ಲೇ ಕಲಿಸಿ ಅಂತ ನಾನು ಹಟ ಹಿಡಿಯುವುದು.

18 ಆದಮೇಲೆ ಪಾಲಕತ್ವದ ಪತ್ರ, ಅಂದರೆ ಅವನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರದ ಪತ್ರ, ಬೇಕಾ ಅಂತಲೂ ಅಪ್ಪ ಅಮ್ಮ ಕೇಳಿದರು. ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ 1999ರ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಅಗತ್ಯ ಬಿದ್ದರೆ ಹಾಕಿ ಅಂದೆ. ಆ ಪತ್ರ ಬಂತು ಅಂತ ಅವನನ್ನು ಕೇಳುವುದು ನಿಲ್ಲಿಸಬೇಡಿ ಅಂತಲೂ ಹೇಳಿದೆ.

ಈಗ ಅವನು ಹೋಗುತ್ತಿದ್ದಾನೆ. ಮೊದಲ ವಾರ ಎರಡು ಸಲ ಅತ್ತು ಮನೆಗೆ ಓಡಿ ಬಂದನಂತೆ, ಗದ್ದಲ ಜಾಸ್ತಿ ಇತ್ತು ಅಂತ. ಈಗ ಜನ ಬರುವ ಮೊದಲೇ ತಾತ ಕರೆದುಕೊಂಡು ಹೋಗುತ್ತಾರೆ. ಆದರೆ ಬೆಳಿಗ್ಗೆ 8ಕ್ಕೆ ಡೇರಿ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆ 5ಕ್ಕೆ. ಶಾಲೆ ಮುಗಿದ ಮೇಲೆ ನಡುವಿನ ಒಂಬತ್ತು ಗಂಟೆ ಅವನು ಏನು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರವೂ ಇನ್ನೂ ಉತ್ತರ ಇಲ್ಲ. ಮುಂದಿನ ಭೇಟಿಗೆ ತಾತನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.